ನೆರಳು ಬಿದ್ದ ದೆವ್ವ

ಹದಿನೇಳು ನಿಮಿಷದ ಚಿತ್ರ. ಕಪ್ಪು ಬಿಳುಪು.
ಮಾತಿಲ್ಲ. ಮಾತು ಸೇರಿಸಲು ದುಡ್ಡಿರಲಿಲ್ಲ.
ಕ್ಯಾಮೆರಾ ಭದ್ರಾವತಿಯ ಕ್ಲಬ್ಬಿನದು,
ಸೋಮವಾರ ಎಂಟಕ್ಕೆ ವಾಪಸ್ಸು.
ನಿರ್ದೇಶಕ ವೃಷಭೇಂದ್ರ, ಹಗಲಲ್ಲಿ ಬ್ಯಾಂಕಿನ ಗುಮಾಸ್ತ.
ನಾನು ದೀಪ ಹಿಡಿಯುವವನು, ಹತ್ತೊಂಬತ್ತು ವರ್ಷ.
ದೆವ್ವ,
ಶಿವಮೊಗ್ಗ ಟೆಲಿಫೋನ್ ಎಕ್ಸ್‌ಚೇಂಜಿನ ಅಂಬುಜಾಬಾಯಿ.

ಊರಿಗೆಲ್ಲ ಗೊತ್ತಿದ್ದ ದನಿ ಅದು.
ಟ್ರಂಕ್ ಕಾಲ್ ಹಾಕಿ ಕೂತವರಿಗೆ
"ಲೈನ್ ಸಿಗ್ತಿಲ್ಲ ಸ್ವಾಮಿ, ಸ್ವಲ್ಪ ತಡೀರಿ" ಎಂದು
ಸಾವಿನ ಸುದ್ದಿಗೂ ಅಕ್ಕಿಯ ದರಕ್ಕೂ
ಒಂದೇ ಹದದಲ್ಲಿ ಹೇಳುತ್ತಿದ್ದ ದನಿ.
ಮುಖ ಕಂಡವರು ಕಮ್ಮಿ.
ವೃಷಭೇಂದ್ರ ಅದನ್ನೇ ತಿರುವಿ ಹಾಕಿದ:
ಮುಖ ಇರಲಿ, ದನಿ ಬೇಡ.

ಕಥೆ ಇಷ್ಟೇ.
ಕೋಟೆಯ ಹಿಂದಿನ ಒಂದು ಬೀದಿ. ಬಾಗಿಲು ಬಾಗಿಲಿಗೂ
ಸೀಮೆಸುಣ್ಣದಲ್ಲಿ "ನಾಳೆ ಬಾ".
ದೆವ್ವ ಬರುತ್ತದೆ, ಓದುತ್ತದೆ,
ಹೌದಲ್ಲ ಎನ್ನುವಂತೆ ತಲೆಯಾಡಿಸಿ ಮರಳುತ್ತದೆ.
ಮರುರಾತ್ರಿ ಮತ್ತೆ. ಹೀಗೆ ಎಷ್ಟೋ ನಾಳೆಗಳು.
ಕಿರುಚುವುದಿಲ್ಲ, ಯಾರ ಮೈಮೇಲೂ ಬರುವುದಿಲ್ಲ.
ಸೀಮೆಎಣ್ಣೆಯ ಸಾಲಲ್ಲಿ ಡಬ್ಬಿ ಹಿಡಿದು ನಿಂತವರಿಗೆ
ಎಷ್ಟು ತಾಳ್ಮೆಯೋ ಅಷ್ಟು.
ಕೊನೆಗೊಂದು ರಾತ್ರಿ ಸೆರಗಿನ ತುದಿಯಿಂದ
ಮೊದಲ ಪದವನ್ನು ಒರೆಸುತ್ತದೆ.
ಉಳಿದದ್ದು "ಬಾ".
ಬಾಗಿಲು ತೆರೆಯುತ್ತದೆ. ಒಳಗೆ ಕತ್ತಲು.
ಮುಗಿಯಿತು.

ದೆವ್ವಕ್ಕೆ ನೆರಳಿರಬಾರದು, ಹೇಳಿದ್ದ ವೃಷಭೇಂದ್ರ,
ಮೂರು ಸಲ ಹೇಳಿದ್ದ.
ಬೆಳಗಿನ ಜಾವ. ನನ್ನ ಕೈ ಸೋತಿತ್ತು.
ದೀಪ ಒಂದು ಗೇಣು ಕೆಳಗಿಳಿಯಿತು.
ಹನ್ನೊಂದನೆಯ ನಿಮಿಷದಲ್ಲಿ, ನೋಡಿ,
ಸುಣ್ಣದ ಗೋಡೆಯ ಮೇಲೆ ಉದ್ದಕ್ಕೆ
ಜಡೆ, ಹೆಗಲು, ಕಿವಿಯ ಲೋಲಾಕು ಕೂಡ.
ಮತ್ತೆ ತೆಗೆಯಲು ರೀಲು ಉಳಿದಿರಲಿಲ್ಲ.

ಹೈಸ್ಕೂಲಿನ ಹಾಲಿನಲ್ಲಿ ತೋರಿಸಿದೆವು.
ಮುಂದಿನ ಬೆಂಚಲ್ಲಿ ಮಂಡಕ್ಕಿ ಮುಕ್ಕುತ್ತಿದ್ದವನೊಬ್ಬ
"ದೆವ್ವಕ್ಕೆ ನೆರಳು ನೋಡ್ರೋ!" ಎಂದ.
ಹೆದರಲು ಬಂದಿದ್ದ ಊರು ಹೊಟ್ಟೆ ಹಿಡಿದು ನಕ್ಕಿತು.
ವೃಷಭೇಂದ್ರ ನನ್ನ ಜೊತೆ ಎರಡು ತಿಂಗಳು ಮಾತು ಬಿಟ್ಟ.
ಅಂಬುಜಾಬಾಯಿ ಮಾತ್ರ, ಸೈಕಲ್ ಸ್ಟ್ಯಾಂಡಿನ ಹತ್ತಿರ,
"ಬಿಡೋ, ಅಷ್ಟು ದೂರ
ನನ್ನ ಪಕ್ಕ ಒಬ್ಬರಾದರೂ ನಡೆದರಲ್ಲ."

ಆಮೇಲೆ ಊರಿಗೆ ಡಯಲ್ ಬಂತು.
ನಂಬರನ್ನು ಜನ ತಾವೇ ತಿರುಗಿಸಿಕೊಂಡರು.
ದನಿ ಎಲ್ಲಿಗೆ ಹೋಯಿತೆಂದು ಯಾರೂ ಕೇಳಲಿಲ್ಲ.
ಮೆಗ್ಗಾನ್ ಆಸ್ಪತ್ರೆಯಲ್ಲಿ, ಒಂದು ಗುರುವಾರ,
ಹನ್ನೆರಡನೇ ಹಾಸಿಗೆ ಖಾಲಿಯಾಯಿತು.

ರೀಲು ನನ್ನ ಬಳಿ ಇದೆ.
ಡಬ್ಬಿ ತೆರೆದರೆ ಹಳೇ ಉಪ್ಪಿನಕಾಯಿ ಭರಣಿಯ ಹುಳಿ ವಾಸನೆ.
ಓಡಿಸಿದಾಗೆಲ್ಲ ಎಲ್ಲೋ ಹರಿಯುತ್ತದೆ,
ಕತ್ತರಿಸಿ ಅಂಟಿಸುತ್ತೇನೆ.
ಹದಿನೇಳು ಈಗ ಹದಿನೈದೂವರೆ.
ಮುಖ ಬಿಳಿಚಿ, ಮೂಗು ಯಾವುದು
ನಗೆ ಯಾವುದು ತಿಳಿಯದು.
ನೆರಳೊಂದೇ ಖಂಡಿತ.
ಲೋಲಾಕು ಇನ್ನೂ ಅಲ್ಲಾಡುತ್ತದೆ.

"ಹೇಗೆ ಮಾತಾಡ್ತಿದ್ದರು?" ಮೊಮ್ಮಗಳು ಕೇಳಿದಳು.
"ಲೈನ್ ಸಿಗ್ತಿಲ್ಲ ಸ್ವಾಮಿ..."
ಹೇಳಿ ನೋಡಿದೆ.
ಹಲ್ಲಿಲ್ಲದ ಮುದುಕನೊಬ್ಬ ಹೇಳಿದ ಹಾಗಾಯಿತು.
ಅವಳು ನಕ್ಕಳು, ನಾನೂ.

ಮೊನ್ನೆ ಕೊನೆಯ ತುಂಡೇ ಹೋಯಿತು,
ಬೆರಳಲ್ಲಿ ಹಪ್ಪಳದ ಹಾಗೆ ಪುಡಿಪುಡಿ.
ಈಗ ಆಕೆ ಬರುತ್ತಾಳೆ, ಓದುತ್ತಾಳೆ,
ತಲೆಯಾಡಿಸಿ ಮರಳುತ್ತಾಳೆ.
ಅಷ್ಟಕ್ಕೇ ಗೋಡೆ ಬೆಳ್ಳಗಾಗುತ್ತದೆ,
ಯಂತ್ರ ಮಾತ್ರ ಟಕಟಕ ಟಕಟಕ.

ಒರೆಸೋಣವೆಂದರೆ ಗೋಡೆಯಲ್ಲಿ ಅಕ್ಷರವಿಲ್ಲ.
ಬರೆಯೋಣವೆಂದರೆ ಮನೆಯಲ್ಲಿ ಸೀಮೆಸುಣ್ಣವಿಲ್ಲ.
ತುಂಗೆಯ ಕಡೆಯಿಂದ ತಣ್ಣಗೆ ಗಾಳಿ.
ಬೀದಿಬಾಗಿಲ ಅಗುಳಿ ತೆಗೆದಿಟ್ಟು
ಮಲಗಿದೆ.