ಅಡಿಯಿಂದ ಹೊಡೆಯುವ ಮೊಳೆ

ಕುವೋಪಿಯೊದ ಅಂಗಡಿಯಲ್ಲಿ, ನೆಲದ ಮೇಲೆ,
ಕೋಟೂ ಬಿಚ್ಚದೆ ಅಂಗಾತ ಮಲಗಿದ್ದಾಳೆ ಇರ್ಮೆಲಿ.
ಕೈಯಲ್ಲಿ ಖಾಲಿ ಮೊಳೆಗನ್ನು,
ಗುರಿ ಟ್ಯೂಬ್‌ಲೈಟಿಗೆ.

ಸೇಲ್ಸಿನ ಹುಡುಗ ವೆಸಾ ಆಗಲೇ ಹೇಳಿ ಮುಗಿಸಿದ್ದ:
ಹದಿನೆಂಟು ವೋಲ್ಟು, ಪೈಪಿಲ್ಲ, ಕಂಪ್ರೆಸರಿನ ಗದ್ದಲವಿಲ್ಲ,
ಒಂದು ಚಾರ್ಜಿಗೆ ಎಂಟುನೂರು ಮೊಳೆ.
"ಎಂಟುನೂರು ಯಾರಿಗೆ ಬೇಕಪ್ಪ?
ನನ್ನ ಸೌನಾದ ಬೆಂಚಿಗೆ ನಲವತ್ತು ಸಾಕು.
ಆದರೆ ಅಷ್ಟೂ ಅಡಿಯಿಂದ.
ಮೇಲಿಂದ ಹೊಡೆದರೆ ಮೊಳೆಯ ತಲೆ ಕಾದು
ಕೂತವರ ಕುಂಡೆಗೆ ಬರೆ."

ಹಾಗಾಗಿ ಈ ಪರೀಕ್ಷೆ.
ಮೊದಲನೆಯದಕ್ಕೆ ಹನ್ನೊಂದಕ್ಕೇ ಮೊಣಕೈ ನಡುಗಿತು.
ಎರಡನೆಯದರ ಬ್ಯಾಟರಿ ಹಿಂದಕ್ಕೆ ಜಗ್ಗಿ
ಮೂತಿ ಸೊಟ್ಟಗಾಯಿತು.
ಮೂರನೆಯದು ಹೂವಿನಷ್ಟು ಹಗುರ; ಮೊಳೆ ಮಾತ್ರ ಗಿಡ್ಡ,
ಅಡ್ಡಪಟ್ಟಿ ದಾಟಿ ಹಲಗೆಯನ್ನೇ ಮುಟ್ಟದು.

ವೆಸಾ ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತು
ಎಣಿಸುತ್ತಿದ್ದಾನೆ, ಈಗೀಗ ಪಿಸುದನಿಯಲ್ಲಿ.
ಯಾರದೋ ಟ್ರಾಲಿ ಅವಳ ಬೂಟು ಬಳಸಿ ಹೋಯಿತು.

ನಾಲ್ಕನೆಯದು.
ಮೂವತ್ತೆಂಟು. ಮೂವತ್ತೊಂಬತ್ತು. ನಲವತ್ತು.
ತೋಳು ಅಲುಗಲಿಲ್ಲ.
"ಬೆಲೆ?" ಅಂದಳು ಮಲಗಿದ್ದಲ್ಲಿಂದಲೇ.
ಹೇಳಿದ.

ಗನ್ನು ಮೆಲ್ಲಗೆ ಎದೆಯ ಮೇಲಿಳಿಯಿತು.
ಲೈಟನ್ನೇ ನೋಡುತ್ತಿದ್ದಳು ಸ್ವಲ್ಪ ಹೊತ್ತು.
"ಬೆಂಚು ಕಿರಿದು ಮಾಡಿದರೆ
ಇಪ್ಪತ್ತಾರಕ್ಕೇ ಮುಗಿಯಬಹುದು.
ಆ ಸೊಟ್ಟ ಮೂತಿಯದನ್ನು ಇನ್ನೊಮ್ಮೆ ಕೊಡು.
ಎಣಿಸು."