ಉಗುರು

ಸೆಂದಾಯ್ ಆಸ್ಪತ್ರೆ, ಆರನೆಯ ಮಹಡಿ.
ಕೊನೆಯ ಬಸ್ಸನ್ನು ಡಿಪೋದಲ್ಲಿ ಬಿಟ್ಟು
ಸಮವಸ್ತ್ರದಲ್ಲೇ ಬಂದಿದ್ದಾನೆ ಕುನಿಹಿರೋ.

ಮಗಳ ತಲೆಗೆ ಹೆಲ್ಮೆಟ್ಟು. ತೆಗೆದರೆ ಸಾವು
ಎಂದಿದ್ದಾರೆ. ಅವಳೀಗ ಆಟದೊಳಗೆ
ಯಾವುದೋ ಕೋಟೆಯ ಹತ್ತಿರ
ಕತ್ತಿ ಹಿಡಿದು ಕಾಯುತ್ತಿದ್ದಾಳಂತೆ.
ಅಲ್ಲಿ ಹಸಿವಿದೆಯಂತೆ, ಹಿಮವೂ ಬೀಳುತ್ತದಂತೆ;
ಉಗುರು ಮಾತ್ರ ಬೆಳೆಯುವುದಿಲ್ಲ.

ಇಲ್ಲಿ ಬೆಳೆಯುತ್ತದೆ.

ರಾತ್ರಿ ಉಗುರು ಕತ್ತರಿಸಿದವರಿಗೆ
ಹೆತ್ತವರ ಕೊನೆಯುಸಿರಿಗೆ ಹತ್ತಿರವಿರುವ ಯೋಗವಿಲ್ಲ,
ಅಜ್ಜಿ ಗದರುತ್ತಿದ್ದಳು.
ಇರಲಿ ಬಿಡು, ಅಂದುಕೊಳ್ಳುತ್ತಾನೆ,
ನಾನಿಲ್ಲದ ಮೇಲೂ ನೀನಿರುತ್ತೀ ಎಂದಾಯಿತಲ್ಲ.

ಟಕ್. ಟಕ್. ಹೆಬ್ಬೆರಳು, ತೋರುಬೆರಳು.
ಕಿರುಬೆರಳು ತಟ್ಟನೆ ಮಡಚಿತು,
ಅಲ್ಲಿ ಯಾರಿಗೋ ಮಾತು ಕೊಡುತ್ತಿರುವ ಹಾಗೆ.

ಅವನು ಕಟರ್ ಕೆಳಗಿಟ್ಟು ಕಾದ.
ಆ ಒಂದು ಉಗುರನ್ನು ನಾಳೆಗೆ ಬಿಟ್ಟ.