ಆಗಿಬರೋದಿಲ್ಲ

ಏಳು ವರ್ಷ ಬದನೆಕಾಯಿ ಮುಟ್ಟಲಿಲ್ಲ ನಾನು.
ನಂಜು, ಅಂದೆ. ಯಾರೂ ಹೇಳಿದ್ದಲ್ಲ, ನಾನೇ ಕಂಡುಹಿಡಿದದ್ದು:
ಒಂದು ಎಳ್ಳಮಾಸಿ, ಎಣ್ಣೆಗಾಯಿ ಉಂಡ ರಾತ್ರಿ
ಬೆರಳ ಸಂದಿಯಲ್ಲಿ ನವೆ ಎದ್ದು
ಬೆಳಗಿಗೆ ಸಣ್ಣ ಸಣ್ಣ ನೀರುಗುಳ್ಳೆ.
ಸಾಕ್ಷಿ ಬೇಕೆ ಇನ್ನು?

ಆಮೇಲೆ ಶೇಂಗಾ ಬಿಟ್ಟೆ. ಕುಂಬಳ ಬಿಟ್ಟೆ.
ನಾ ಬಿಟ್ಟಷ್ಟೂ ನವೆ ನನ್ನ ಬಿಡಲಿಲ್ಲ.
ಇನ್ಯಾವುದೋ ಅಡಗಿದೆಯೆಂದು ಡಬ್ಬಿ ಡಬ್ಬಿ ತೆರೆದು
ಒಂದೊಂದು ಬೇಳೆಯ ಮುಖವನ್ನೂ ದಿಟ್ಟಿಸಿದೆ
ಠಾಣೆಯ ಪೊಲೀಸಮ್ಮನಂತೆ.
ಮದುವೆಯೂಟದಲ್ಲಿ ಎಲೆಗೆ ಕೈ ಅಡ್ಡ ಹಿಡಿದು
'ನಂಗೆ ಆಗಿಬರೋದಿಲ್ಲ' ಅನ್ನುವಾಗ
ಒಂದಿಷ್ಟು ಗತ್ತೂ ಇತ್ತೆನ್ನಿ.
ಕೌಲ್‌ಬಜಾರಿನ ನಮ್ಮ ಓಣಿಯಲ್ಲಿ ಎಷ್ಟು ಮಂದಿಗಿದೆ
ಬೇಡ ಅನ್ನಲು ಇಂಥದೊಂದು ಕಾರಣ?

ದೊಡ್ಡಾಸ್ಪತ್ರೆಗೆ ಎಳಕೊಂಡು ಹೋದವಳು ಮಾಬುನ್ನಿ,
ನನ್ನ ಪಕ್ಕದ ಮಿಷಿನ್ನಿನವಳು.
ಡಾಕ್ಟ್ರಮ್ಮನಿಗೆ ನನ್ನ ಪಟ್ಟಿ ಒಪ್ಪಿಸಿದೆ, ಬದನೆಯಿಂದ ಹಿಡಿದು.
ಆಕೆ ಬರೆದುಕೊಳ್ಳಲಿಲ್ಲ.
'ಈ ಕೈ ಏನು ಕೆಲಸ ಮಾಡ್ತದೆ?' ಅಂದಳು.

ಏಳು ವರ್ಷದಲ್ಲಿ ಎಲ್ಲರೂ ಕೇಳಿದ್ದು ಬಾಯಿಯ ಸುದ್ದಿ.
'ಜೀನ್ಸ್ ಪ್ಯಾಂಟಿಗೆ ಗುಂಡಿ ಹೊಡೀತೀನ್ರಿ,
ದಿನಕ್ಕೆ ಸಾವಿರದ ಮೇಲೆ.'

ಬೆನ್ನಿಗೆ ಪಟ್ಟಿ ಅಂಟಿಸಿ ನೋಡಬೇಕು,
ಎರಡು ದಿನ ಮೈಗೆ ನೀರು ತಾಕಬಾರದು, ಬೆವರಬಾರದು.
ಅದು ಏಪ್ರಿಲ್. ಇದು ಬಳ್ಳಾರಿ.
ಒಬ್ಬರ ಮುಖ ಒಬ್ಬರು ನೋಡಿ ನಕ್ಕುಬಿಟ್ಟೆವು.
'ಚಳಿ ಬರಲಿ' ಅಂದಳು. ಬಂದರೆ.

ಬಂತು, ಮಾರ್ಗಶಿರದಲ್ಲಿ, ಸ್ವಲ್ಪ.
ಮುಂಗೈ ಮೇಲೆ ಬದನೆಯ ರಸ, ಶೇಂಗಾದ ರಸ, ಹನಿ ಹನಿ;
ಸೂಜಿಯ ತುದಿ; ಇಪ್ಪತ್ತು ನಿಮಿಷ.
ಏನೂ ಏಳಲಿಲ್ಲ.
ಏಳು, ಏಳು ಅಂತ ಒಳಗೇ ಹುರಿದುಂಬಿಸಿದೆ, ಸುಳ್ಳಲ್ಲ.
ನನ್ನ ಮಾತು ಉಳಿಯಲೆಂದು.

ಬೆನ್ನು ಮಾತ್ರ ನನಗೆ ಕಾಣದ ಕಡೆ
ತನ್ನ ಲೆಕ್ಕ ತಾನು ಬರೆಯುತ್ತಿತ್ತು.
ನಾಲ್ಕನೇ ದಿನ ಮಾಬುನ್ನಿ ಫೋಟೊ ತೆಗೆದು ತೋರಿಸಿದಳು:
ಪೆನ್ನಿನ ಗೀಟುಗಳ ನಡುವೆ, ಎರಡನೇ ಸಾಲಿನಲ್ಲಿ
ಒಂದೇ ಒಂದು ಕೆಂಪು ಚೌಕ, ಗುಂಡಿಯಷ್ಟಗಲ.
ನಿಕ್ಕಲ್, ಅಂದಳು ಡಾಕ್ಟ್ರಮ್ಮ. ಗುಂಡಿಯೊಳಗಿನದು.

ತಟ್ಟನೆ ನೆನಪಾಯಿತು, ಆರನೇ ಇಯತ್ತೆ,
ತಳ್ಳುಗಾಡಿಯ ಓಲೆ ಇಟ್ಟು ಕಿವಿ ಸೋರಿದ್ದು.
ಅವ್ವ ಆಗ ಹುಣಸೆಹಣ್ಣು ಬಿಡಿಸಿದ್ದಳು.

ಬದನೆ ಬಿಡುವುದು ಸುಲಭ ಇತ್ತು.
ಗುಂಡಿ ಬಿಟ್ಟರೆ ವಾರದ ಪಗಾರಕ್ಕೆ ಏನೆನ್ನಲಿ,
ಆಗಿಬರೋದಿಲ್ಲ ಅನ್ನಲೆ?
ಗಣಪತ್ ಸೇಠು ಚೀಟಿಯನ್ನು ತಿರುಗಿಸಿ ಮುರುಗಿಸಿ ನೋಡಿ
ಕಾಜ ಮಾಡುವ ಮಿಷಿನ್ನಿಗೆ ಹಾಕಿದ್ದಾನೆ, ಸದ್ಯಕ್ಕೆ,
ಕೂಲಿ ಕಾಲುಭಾಗ ಕಡಿಮೆ.
ಈಗ ನಾನು ತೂತು ಮಾಡುತ್ತೇನೆ,
ಗುಂಡಿ ಮಾಬುನ್ನಿ ಹೊಡೆಯುತ್ತಾಳೆ.
ಆಕೆಯ ಬೆರಳನ್ನು ಆಗಾಗ ನೋಡುತ್ತಿರುತ್ತೇನೆ.

ಈ ಎಳ್ಳಮಾಸಿಗೆ ಎಣ್ಣೆಗಾಯಿ ಮಾಡಿದೆ.
ಮೊದಲ ತುತ್ತಿಗೇ ಬೆರಳ ಸಂದಿ ಜುಂ ಅಂದಿತು.
ಸುಮ್ಮನಿರು, ಅಂದೆ ಕೈಗೆ,
ಪರೀಕ್ಷೆ ಆಗಿದೆ.
ಸುಮ್ಮನಾಯಿತು.

ಇನ್ನು ರುಚಿ,
ಏಳು ವರ್ಷ ನೆನೆದಷ್ಟೇನೂ ಇರಲಿಲ್ಲ.
ಉಪ್ಪು ಒಂದು ಕಲ್ಲು ಹೆಚ್ಚಾಗಿತ್ತು.